ಇರಲೂಬಾರದು, ಹೋಗಲೂಬಾರದು: 1942ರ ಅಮೆರಿಕದ ಪಾಠದಲ್ಲಿ ನಾನು ಸಿಕ್ಕಿಬಿದ್ದ ಜಾಗ

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನಲ್ಲೇ ಇದ್ದ ಜಪಾನಿ ಮೂಲದವರನ್ನು ಕ್ಯಾಂಪುಗಳಲ್ಲಿ ಕೂಡಿಹಾಕಿದ ಈ ಪಾಠವನ್ನು ನಾನು ಮೂರು ಸಲ ಓದಿದೆ. ಮೂರು ಸಲವೂ ಒಂದೇ ಜಾಗದಲ್ಲಿ ಸಿಕ್ಕಿಬಿದ್ದೆ. 1944ರ ಡಿಸೆಂಬರ್ 18ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಜಪಾನಿ ಮೂಲದವರನ್ನು ಅವರವರ ಊರಿನಿಂದ ಹೊರಗೆ ಹಾಕಿದ್ದು ಸರಿ ಎಂದು ಒಂದರಲ್ಲಿ ಹೇಳಿತು. ನಿಷ್ಠೆ ಇರುವ ಪ್ರಜೆಯನ್ನು ಕ್ಯಾಂಪಿನಲ್ಲಿ ಹಿಡಿದಿಡಲು ಸರಕಾರಕ್ಕೆ ಅಧಿಕಾರ ಇಲ್ಲ ಎಂದು ಇನ್ನೊಂದರಲ್ಲಿ ಹೇಳಿತು. ಅದೇ ಜನ, ಅದೇ ಯುದ್ಧ, ಅದೇ ಒಂಬತ್ತು ನ್ಯಾಯಾಧೀಶರು. ಝೆರಾಕ್ಸ್ ಮಾಡುವಾಗ ಪುಟ ಹಿಂದೆಮುಂದೆ ಆಗಿರಬೇಕು ಅಂತ ಕೂಡ ಅನುಮಾನಪಟ್ಟೆ. ಪುಟ ಸರಿಯಾಗಿಯೇ ಇತ್ತು. ನಿನ್ನೆ ರಾತ್ರಿ ಆ ಗಂಟು ಬಿಚ್ಚಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನಮ್ಮ ಬ್ಯಾಚಿನಲ್ಲಿ ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಐದೇ ಮಂದಿ. ಈ ಪೇಪರಿಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ನೋಟ್ಸ್ ಉಂಟು, ಮಲಯಾಳದಲ್ಲೂ ಒಂದೆರಡು ಕಟ್ಟು ಕೈಯಿಂದ ಕೈಗೆ ಓಡಾಡುತ್ತಿವೆ. ಕನ್ನಡದಲ್ಲಿ ನಮಗೆ ಸಿಕ್ಕಿದ್ದು ಸೊನ್ನೆ. ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲೇ, ಸರಿ. ಆದರೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡುವ ನಮ್ಮಂಥವರಿಗೆ ವಿಷಯ ತಲೆಗೆ ಇಳಿಯಬೇಕಾದರೆ ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಲೇಬೇಕು. ಉಳಿದ ನಾಲ್ವರಿಗೂ ಉಪಯೋಗವಾದರೆ ಒಳ್ಳೆಯದೇ.

ಹಿನ್ನೆಲೆ, ಬೇಗಬೇಗ

1941ರ ಡಿಸೆಂಬರ್ 7, ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನಿನ ದಾಳಿ. ಅದು ಎಲ್ಲರಿಗೂ ಗೊತ್ತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಆ ಆದೇಶದಲ್ಲಿ ಜಪಾನಿ ಎಂಬ ಪದವೇ ಇಲ್ಲ. ಸೇನೆ ಯಾವ ಜಾಗವನ್ನಾದರೂ ಮಿಲಿಟರಿ ವಲಯ ಎಂದು ಗುರುತಿಸಬಹುದು, ಅಲ್ಲಿಂದ ಯಾರನ್ನು ಬೇಕಾದರೂ ಹೊರಗೆ ಹಾಕಬಹುದು, ಅಷ್ಟೇ. 'ಯಾರನ್ನು ಬೇಕಾದರೂ' ಎಂದು ಬರೆದು ಒಂದೇ ಜನರ ಮೇಲೆ ಇಳಿಸಿದರು. ಜರ್ಮನಿಯೂ ಇಟಲಿಯೂ ಶತ್ರು ದೇಶಗಳೇ ತಾನೆ. ಆ ಮೂಲದವರಲ್ಲಿ ಅನುಮಾನ ಬಂದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಹಿಡಿದರು. ಜಪಾನಿ ಮೂಲದವರನ್ನು ಮಾತ್ರ ಪಶ್ಚಿಮ ಕರಾವಳಿಯಿಂದ ಹಸುಗೂಸು, ಮುದುಕರು ಎನ್ನದೆ ಎತ್ತಿಕೊಂಡು ಹೋದರು. ಒಟ್ಟು ಸುಮಾರು 1,20,000 ಮಂದಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು. ಕೈಯಲ್ಲಿ ಹಿಡಿಯುವಷ್ಟು ಸಾಮಾನು ಮಾತ್ರ ತರಬಹುದಿತ್ತು. ಮೊದಲು ಕುದುರೆ ಪಂದ್ಯದ ಮೈದಾನದಂಥ ಜಾಗಗಳಲ್ಲಿ ಇಟ್ಟರು. ಸಾಂಟಾ ಅನಿಟಾ, ಟ್ಯಾನ್‌ಫೊರಾನ್‌ಗಳಲ್ಲಿ ಎಷ್ಟೋ ಕುಟುಂಬಗಳು ಕುದುರೆ ಲಾಯದಲ್ಲಿ ಮಲಗಿದವು. ಆಮೇಲೆ ಮರುಭೂಮಿ, ಜೌಗು, ಬಯಲಿನ ನಡುವಿನ ಹತ್ತು ಕ್ಯಾಂಪುಗಳು. ಹತ್ತರ ಹೆಸರನ್ನೂ ಉರು ಹೊಡೆಯಬೇಡಿ. ಮಂಜನಾರ್, ಟೂಲಿ ಲೇಕ್, ಟೋಪಾಜ್, ಹಾರ್ಟ್ ಮೌಂಟನ್, ಈ ನಾಲ್ಕು ಸಾಕು.

ಎರಡು ಪದ ಗೊತ್ತಿರಬೇಕು. ಇಸ್ಸೆ ಅಂದರೆ ಜಪಾನಿನಿಂದ ಬಂದ ಮೊದಲ ತಲೆಮಾರು. ನಿಸೆ ಅಂದರೆ ಅವರ ಮಕ್ಕಳು. ಇಸ್ಸೆಗಳಿಗೆ ಇಷ್ಟ ಇದ್ದರೂ ಅಮೆರಿಕದ ಪೌರತ್ವ ಸಿಗುತ್ತಿರಲಿಲ್ಲ, ಕಾನೂನೇ ಬಿಡುತ್ತಿರಲಿಲ್ಲ. 1922ರಲ್ಲಿ ಒಜಾವಾ ಎಂಬವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿತು. ಬಾಗಿಲು ತೆರೆದದ್ದು 1952ರಲ್ಲಿ. ಹೀಗೆ ಪೌರತ್ವ ಪಡೆಯಲು ಅರ್ಹತೆಯೇ ಇಲ್ಲದವರು ಜಮೀನು ಕೊಳ್ಳಬಾರದು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಇತ್ತು. ಈ ಪೌರತ್ವದ ವಿಷಯವನ್ನು ಮೂಲೆಯಲ್ಲಿ ಗುರುತು ಹಾಕಿಕೊಳ್ಳಿ. ಕೆಳಗೆ 28ನೇ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಇನ್ನೊಂದು ವಿಷಯ ಹವಾಯಿ. ಬಾಂಬು ಬಿದ್ದದ್ದೇ ಅಲ್ಲಿ. ಅಲ್ಲಿನ ಜನರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜಪಾನಿ ಮೂಲದವರು, ಒಂದೂವರೆ ಲಕ್ಷ ದಾಟುತ್ತಾರೆ. ಹಿಡಿದಿಟ್ಟದ್ದು ಎರಡು ಸಾವಿರಕ್ಕಿಂತ ಕಡಿಮೆ ಮಂದಿಯನ್ನು. ಅವರನ್ನೆಲ್ಲ ಒಳಗೆ ಹಾಕಿದರೆ ಬಂದರಿನ ಕೆಲಸ, ಕಬ್ಬಿನ ತೋಟದ ಕೆಲಸ ಮಾಡುವವರು ಯಾರು? ಸೇನೆಯ ತುರ್ತು ಎಂಬ ವಾದಕ್ಕೆ ಉತ್ತರ ಬರೆಯುವಾಗ ಈ ಒಂದು ಸಾಲು ಸಾಕು, ಪರೀಕ್ಷೆಯಲ್ಲಿ ನಾನು ಮೊದಲು ಬರೆಯುವುದು ಇದನ್ನೇ.

ಸಿಕ್ಕಿಬಿದ್ದ ಜಾಗ

ಫ್ರೆಡ್ ಕೊರೆಮಾಟ್ಸು, ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ನಿಸೆ, ವೆಲ್ಡಿಂಗ್ ಕೆಲಸದವರು. 1942ರ ಮೇ 30ರಂದು ಸಾನ್ ಲಿಯಾಂಡ್ರೊದಲ್ಲಿ ಅವರನ್ನು ಹಿಡಿದರು. ತಪ್ಪು ಏನು? ಇರಬಾರದ ಜಾಗದಲ್ಲಿ ಇದ್ದರು. ಇರಬಾರದ ಜಾಗ ಯಾವುದು? ಅವರ ಸ್ವಂತ ಊರು.

ಇಲ್ಲಿಯ ತನಕ ನನಗೂ ಅರ್ಥವಾಗಿತ್ತು. 'ಊರು ಬಿಟ್ಟು ಹೋಗಿ ಎಂದರು, ಇವರು ಹೋಗಲಿಲ್ಲ, ಶಿಕ್ಷೆ ಆಯಿತು' ಎಂದು ನೋಟ್ಸ್ ಬರೆದೆ. ಆದರೆ ಅದು ತಪ್ಪು, ಯಾಕೆಂದರೆ ಊರು ಬಿಟ್ಟು ನಿಮಗೆ ಬೇಕಾದ ಕಡೆಗೆ ಹೋಗಿ ಅಂತ ಆಗ ಯಾವ ಆದೇಶವೂ ಹೇಳಿರಲಿಲ್ಲ. ನಾನು ಓದದೆ ಹಾರಿಸಿದ್ದ ಭಾಗ ಅದೇ. ಆದೇಶಗಳು ಎರಡು. 1942ರ ಮಾರ್ಚ್ 27ರ ಆದೇಶದ ಪ್ರಕಾರ ಜಪಾನಿ ಮೂಲದವರು ಆ ಮಿಲಿಟರಿ ವಲಯವನ್ನು ಬಿಟ್ಟು ಹೋಗಬಾರದು. ಮೇ 3ರಂದು ಬಂದ 34ನೇ ಆದೇಶದ ಪ್ರಕಾರ ಮೇ 9ರ ನಂತರ ಆ ವಲಯದಲ್ಲಿ ಅವರು ಇರಬಾರದು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಹೋಗಬಾರದು. ಇರಲೂಬಾರದು.

ಕರ್ನಾಟಕದ ಗಡಿಗೆ ತಾಗಿದ ನಮ್ಮ ಮಂಜೇಶ್ವರ ತಾಲೂಕಿಗೆ ಇಳಿಸಿ ನೋಡಿದಾಗ ನನಗೆ ಹೊಳೆಯಿತು. ಒಂದು ದಿನ ಉಪ್ಪಳ ಪೇಟೆಯಲ್ಲಿ ಒಂದು ನೋಟಿಸ್ ಹಚ್ಚುತ್ತಾರೆ ಎಂದುಕೊಳ್ಳಿ: ಇಂಥ ಜನ ತಾಲೂಕಿನ ಗಡಿ ದಾಟಬಾರದು. ಉತ್ತರಕ್ಕೆ ತಲಪಾಡಿ ಬಂದ್, ದಕ್ಷಿಣಕ್ಕೆ ಕುಂಬಳೆಯ ನಂತರ ಬಂದ್. ಒಂದು ತಿಂಗಳು ಬಿಟ್ಟು ಅದರ ಪಕ್ಕದಲ್ಲೇ ಇನ್ನೊಂದು ನೋಟಿಸ್: ಇಂಥ ಜನ ಶನಿವಾರ ಮಧ್ಯಾಹ್ನದ ಮೇಲೆ ಈ ತಾಲೂಕಿನಲ್ಲಿ ಕಂಡರೆ ಜೈಲು. ಹಾಗಾದರೆ ಎಲ್ಲಿಗೆ ಹೋಗುವುದು? ನೋಟಿಸಿನ ಕೆಳಗೆ ಸಣ್ಣ ಅಕ್ಷರದಲ್ಲಿ ಉಂಟು, ಶಾಲೆಯ ಮೈದಾನದಲ್ಲಿ ಬಸ್ಸು ನಿಂತಿದೆ, ಅದನ್ನು ಹತ್ತಬಹುದು. ಬಸ್ಸು ಹೋಗುವುದು ಮುಳ್ಳುತಂತಿ ಬೇಲಿಯ ಒಳಗೆ. ಕಾನೂನು ಮುರಿಯದೆ ಇರಬೇಕಾದರೆ ಇರುವ ದಾರಿ ಅದೊಂದೇ.

2020ರಲ್ಲಿ ತಲಪಾಡಿಯ ದಾರಿಗೂ ಒಳರಸ್ತೆಗಳಿಗೂ ಮಣ್ಣು ಸುರಿದಿದ್ದನ್ನು ನಾವು ಕಣ್ಣಾರೆ ಕಂಡವರು. ಅದು ರೋಗದ ಭಯ, ಇದು ಜನಾಂಗದ ಮೇಲಿನ ಅನುಮಾನ. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ, ಪರೀಕ್ಷೆಯಲ್ಲಿ ನೀವೂ ಹಾಕಬೇಡಿ. ಆದರೆ ಮಂಗಳೂರಿನ ಆಸ್ಪತ್ರೆ ಅರ್ಧ ಗಂಟೆ ದೂರದಲ್ಲಿದ್ದೂ ಹೋಗಲಾಗದೆ ಕೂತ ಊರಿನವರಿಗೆ 'ಆಚೆ ಹೋಗಬಾರದು' ಎಂಬ ಒಂದು ಸಾಲಿನ ತೂಕ ಎಷ್ಟು ಅಂತ ಬೇರೆಯವರು ವಿವರಿಸಬೇಕಾಗಿಲ್ಲ.

ಈಗ ಕೋರ್ಟಿಗೆ ಬನ್ನಿ. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್, ಆರು ಮಂದಿ ಒಂದು ಕಡೆ, ಮೂವರು ಇನ್ನೊಂದು ಕಡೆ. ಬ್ಲ್ಯಾಕ್ ಅವರ ಜಾಣತನ ಎಲ್ಲಿದೆ ಗೊತ್ತಾ? ನಮ್ಮ ಮುಂದಿರುವ ಪ್ರಶ್ನೆ ಒಂದೇ, ಈ ಮನುಷ್ಯ 34ನೇ ಆದೇಶ ಮುರಿದರೋ ಇಲ್ಲವೋ ಎಂದರು. ಬಸ್ಸು ಹತ್ತಿದ್ದರೆ ಏನಾಗುತ್ತಿತ್ತು, ಕ್ಯಾಂಪು ಸರಿಯೋ ತಪ್ಪೋ, ಅದನ್ನು ನಾವು ಈಗ ನೋಡುವುದಿಲ್ಲ. ಅಂದರೆ ನೋಟಿಸನ್ನು ಮಾತ್ರ ನೋಡಿದರು, ಬಸ್ಸನ್ನು ನೋಡಲಿಲ್ಲ. ಭಿನ್ನಮತ ಬರೆದ ರಾಬರ್ಟ್ಸ್ ಹೇಳಿದ್ದು ಇದರ ವಿರುದ್ಧವನ್ನೇ: ಎರಡು ಆದೇಶ ಸೇರಿಸಿ ಓದಿದರೆ ಮನುಷ್ಯನನ್ನು ಕ್ಯಾಂಪಿಗೆ ತಳ್ಳುವ ಬಲೆ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಮರ್ಫಿ ಇದನ್ನು ನೇರವಾಗಿ ಜನಾಂಗ ದ್ವೇಷ ಎಂದು ಕರೆದರು. ಜಾಕ್ಸನ್ ಹೇಳಿದ್ದು, ಇಂಥ ತೀರ್ಪು ಗುಂಡು ತುಂಬಿಟ್ಟ ಕೋವಿಯ ಹಾಗೆ, ತುರ್ತು ಎಂದು ಹೇಳಿಕೊಂಡು ಬರುವ ಯಾವ ಅಧಿಕಾರಿಯ ಕೈಗಾದರೂ ಸಿಗುತ್ತದೆ ಎಂದು. ಮೂವರ ಹೆಸರೂ ನೆನಪಿರಲಿ, ಇದು ಒಂದು ಅಂಕದ ಪ್ರಶ್ನೆಗೆ ಬರುವಂಥದ್ದು.

ಅದೇ ದಿನದ ಇನ್ನೊಂದು ತೀರ್ಪು ಮಿತ್ಸುಯೆ ಎಂಡೊ ಅವರದ್ದು. ಕಾಸರಗೋಡಿನವರಿಗೆ ಎಂಡೊ ಎಂದ ಕೂಡಲೇ ಇಲ್ಲಿನ ಗೇರುತೋಟಗಳಿಗೆ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನೇ ತಲೆಗೆ ಬರುವುದು, ಏನು ಮಾಡುವುದು, ಆದರೆ ಒಂದು ರೀತಿಯಲ್ಲಿ ನೆನಪಿಗೆ ಒಳ್ಳೆಯದೇ ಆಯಿತು. ಇವರು ಸ್ಯಾಕ್ರಮೆಂಟೊದಲ್ಲಿ ರಾಜ್ಯ ಸರಕಾರದ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಆದೇಶ ಮುರಿಯಲಿಲ್ಲ. ಹೇಳಿದ ಹಾಗೆ ಬಸ್ಸು ಹತ್ತಿ ಕ್ಯಾಂಪಿಗೆ ಹೋದರು. ಅಲ್ಲಿಂದ 1942ರ ಜುಲೈಯಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿಸಿದರು. ಅಂದರೆ 'ನನ್ನನ್ನು ಯಾವ ಕಾನೂನಿನ ಪ್ರಕಾರ ಹಿಡಿದಿಟ್ಟಿದ್ದೀರಿ ತೋರಿಸಿ' ಅಂತ. ಸರಕಾರ ಆಕೆಗೆ ಕ್ಯಾಂಪು ಬಿಟ್ಟು ಹೋಗುವ ಅವಕಾಶ ಕೊಟ್ಟಿತು, ಪಶ್ಚಿಮ ಕರಾವಳಿಗೆ ಮಾತ್ರ ಮರಳಬಾರದು. ಹೊರಗೆ ಹೋದರೆ ಕೇಸೇ ಬಿದ್ದುಹೋಗಬಹುದಿತ್ತು, ಹಿಡಿದಿಟ್ಟದ್ದೇ ಇಲ್ಲ ಅಂತಾದರೆ ಯಾಕೆ ಹಿಡಿದಿಟ್ಟಿರಿ ಎಂಬ ಪ್ರಶ್ನೆ ಎಲ್ಲಿಯದು? ಅವರು ಹೋಗಲಿಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ಬೇಲಿಯ ಒಳಗೇ ಕೂತರು. ಆ ಮೊಂಡುತನದಿಂದಲೇ ಕೋರ್ಟು ಬಸ್ಸಿನ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು.

ಕೊಟ್ಟ ಉತ್ತರವೂ ಅರ್ಧವೇ. ಈಕೆ ನಿಷ್ಠೆ ಉಳ್ಳವರು ಅಂತ ಸರಕಾರವೇ ಒಪ್ಪುತ್ತದೆ, ಅಂಥವರನ್ನು ಹಿಡಿದಿಡಲು ಯಾವ ಆದೇಶವೂ ಅಧಿಕಾರ ಕೊಟ್ಟಿಲ್ಲ, ಆದ್ದರಿಂದ ಬಿಡಿ. ಸಂವಿಧಾನಕ್ಕೆ ವಿರುದ್ಧ ಎಂದು ಬಹುಮತ ಹೇಳಲೇ ಇಲ್ಲ.

ನನ್ನ ಶಾರ್ಟ್‌ಕಟ್ ಇದು, ಎಲ್ಲರಿಗೂ ಧಾರಾಳವಾಗಿ ಕೊಡುತ್ತಿದ್ದೇನೆ: ಹೊತ್ತು, ಊರು, ಬೇಲಿ. ಹೊತ್ತು ಅಂದರೆ ಕರ್ಫ್ಯೂ, ರಾತ್ರಿ ಎಂಟರಿಂದ ಬೆಳಗ್ಗೆ ಆರರ ತನಕ ಮನೆಯಿಂದ ಹೊರಗೆ ಬರಬಾರದು. ಅದು ಗೋರ್ಡನ್ ಹಿರಬಯಾಶಿ ಅವರ ಕೇಸು, 1943, ಕೋರ್ಟು ಸರಿ ಎಂದಿತು. ಊರು ಅಂದರೆ ಹೊರಹಾಕುವುದು. ಅದು ಕೊರೆಮಾಟ್ಸು, 1944, ಸರಿ ಎಂದಿತು. ಬೇಲಿ ಅಂದರೆ ಹಿಡಿದಿಡುವುದು. ಅದು ಎಂಡೊ, 1944, ಅಧಿಕಾರ ಇಲ್ಲ ಎಂದಿತು. ಮಾರ್ಚಿನಿಂದ ಮೇ ತಿಂಗಳ ಒಳಗೆ ಒಂದೇ ಮನೆಯವರ ತಲೆ ಮೇಲೆ ಇವು ಮೂರೂ ಒಂದರ ಹಿಂದೆ ಒಂದು ಬಿದ್ದವು. ಕೋರ್ಟಿನಲ್ಲಿ ಮಾತ್ರ ಅದೇ ಏಟು ಮೂರು ತುಂಡಾಗಿ, ಬೇರೆ ಬೇರೆ ಫೈಲಿನಲ್ಲಿ ಬಂತು. ಹೀಗೆ ಕತ್ತರಿಸಿಟ್ಟರೆ ಒಂದೇ ದಿನ ಸರಿ ಎಂದೂ ಹೇಳಬಹುದು, ತಪ್ಪು ಎಂದೂ ಹೇಳಬಹುದು. ನಾನು ಸಿಕ್ಕಿಬಿದ್ದ ಗಂಟು ಅಷ್ಟೇ. ಸುಮ್ನೆ ಮೂರು ದಿನ ಹೋಯಿತು.

ಒಂದು ಚಿಲ್ಲರೆ ವಿಷಯ, ಆದರೆ ಮರೆಯಲಾಗದ್ದು: ತೀರ್ಪು ಬಂದದ್ದು 18ಕ್ಕೆ. ಕರಾವಳಿಗೆ ಮರಳಬಹುದು ಎಂದು ಸೇನೆ ಪ್ರಕಟಿಸಿದ್ದು 17ಕ್ಕೆ. ಒಂದೇ ದಿನ ಮೊದಲು!

ಬಚ್ಚಿಟ್ಟ ಕಾಗದ

ಕೊರೆಮಾಟ್ಸು ಅವರ ಶಿಕ್ಷೆ ರದ್ದಾದದ್ದು 1983ರ ನವೆಂಬರಿನಲ್ಲಿ, ನ್ಯಾಯಾಧೀಶೆ ಮರಿಲಿನ್ ಹಾಲ್ ಪಟೇಲ್ ಅವರ ಕೋರ್ಟಿನಲ್ಲಿ. ಇಲ್ಲಿ ಒಂದು ವಿಷಯ ನನಗೆ ತುಂಬ ಹಿಡಿಸಿತು. ಯಾರು ನಿಷ್ಠರು ಯಾರು ಅಲ್ಲ ಎಂದು ಒಬ್ಬೊಬ್ಬರಾಗಿ ಪರೀಕ್ಷೆ ಮಾಡಲು ಸಮಯ ಇರಲಿಲ್ಲ ಎಂಬುದೇ ಯುದ್ಧಕಾಲದಲ್ಲಿ ಸರಕಾರದ ದೊಡ್ಡ ವಾದ. ಆದರೆ ಈ ಜನರನ್ನು ಹೊರಹಾಕುವ ಆದೇಶ ಕೊಟ್ಟ ಜನರಲ್ ಜಾನ್ ಡಿವಿಟ್ ಅವರ ವರದಿಯ ಮೊದಲ ಪ್ರತಿಯಲ್ಲಿ ಹಾಗಿರಲಿಲ್ಲ. ಸಮಯದ ಪ್ರಶ್ನೆಯೇ ಅಲ್ಲ, ಈ ಜನರಲ್ಲಿ ಒಳ್ಳೆಯವರನ್ನು ಕೆಟ್ಟವರನ್ನು ಬೇರೆ ಮಾಡಲು ಆಗುವುದೇ ಇಲ್ಲ ಎಂಬ ಧಾಟಿ ಅದರಲ್ಲಿತ್ತು. ಅದು ಬರೀ ಜನಾಂಗದ ಮೇಲಿನ ಅಪನಂಬಿಕೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅಂತ ಮೇಲಿನವರಿಗೆ ಗೊತ್ತಾಗಿ ವರದಿಯನ್ನು ತಿದ್ದಿಸಿದರು, ಹಳೆಯ ಪ್ರತಿಗಳನ್ನು ಸುಟ್ಟರು. ಒಂದು ಪ್ರತಿ ಉಳಿದುಬಿಟ್ಟಿತು. ನಲವತ್ತು ವರ್ಷದ ನಂತರ ವಾಷಿಂಗ್ಟನ್ನಿನ ದಾಖಲೆ ಭಂಡಾರದಲ್ಲಿ ಅದನ್ನು ಕಂಡುಹಿಡಿದವರು ಐಕೊ ಹರ್ಜಿಗ್ ಯೊಶಿನಾಗಾ. ಹುಡುಗಿಯಾಗಿದ್ದಾಗ ಅವರೇ ಮಂಜನಾರ್ ಕ್ಯಾಂಪಿನಲ್ಲಿದ್ದವರು.

1988ರ ಆಗಸ್ಟ್ 10ರಂದು ರೇಗನ್ ಸಹಿ ಹಾಕಿದ ಕಾನೂನಿನಲ್ಲಿ ಕ್ಷಮೆ ಕೇಳಿದರು, ಬದುಕಿರುವ ಒಬ್ಬೊಬ್ಬರಿಗೂ 20,000 ಡಾಲರ್. ಬದುಕಿರುವವರಿಗೆ ಎಂಬ ಪದಕ್ಕೆ ಗೆರೆ ಎಳೆಯಿರಿ. ಅಷ್ಟರಲ್ಲಿ ಇಸ್ಸೆಗಳಲ್ಲಿ ಹೆಚ್ಚಿನವರು ತೀರಿಹೋಗಿದ್ದರು. ಪರಿಹಾರದ ಪಟ್ಟಿ, ಅದರಲ್ಲಿ ಹೆಸರು ಸೇರುವುದು, ಬಿಡುವುದು, ಹಣ ಬರುವಾಗ ಮನುಷ್ಯ ಇಲ್ಲದಿರುವುದು, ಇದೆಲ್ಲ ಎಂಡೋಸಲ್ಫಾನ್ ಬಿದ್ದ ಗೇರುತೋಟದ ಊರುಗಳವರಿಗೆ ಹೊಸ ಕಥೆ ಅಲ್ಲ.

28ನೇ ಪ್ರಶ್ನೆ

ಇದು ನನ್ನ ಮೆಚ್ಚಿನ ಭಾಗ. ಉದ್ದ ಆಗುತ್ತದೆ, ಬೇಸರವಾದರೆ ಬಿಟ್ಟು ಮುಂದೆ ಹೋಗಿ.

1943ರ ಆರಂಭದಲ್ಲಿ ಕ್ಯಾಂಪಿನಲ್ಲಿದ್ದ ದೊಡ್ಡವರಿಗೆಲ್ಲ ಒಂದು ಫಾರಂ ಕೊಟ್ಟರು. ಯುದ್ಧಕ್ಕೆ ಜನ ಬೇಕಿತ್ತು. ಪರ್ಲ್ ಹಾರ್ಬರ್ ನಂತರ ನಿಸೆ ಯುವಕರನ್ನು ಶತ್ರು ದೇಶದವರ ಸಾಲಿಗೆ ಸೇರಿಸಿ ಸೇನೆಗೆ ಬೇಡ ಎಂದಿದ್ದರು. ಈಗ ಅದೇ ಯುವಕರು ಬೇಕಾದರು. 27ನೇ ಪ್ರಶ್ನೆ: ಎಲ್ಲಿಗೆ ಕಳಿಸಿದರೂ ಅಮೆರಿಕದ ಸೇನೆಯಲ್ಲಿ ಹೋರಾಡಲು ತಯಾರಿದ್ದೀಯಾ? 28ನೇ ಪ್ರಶ್ನೆ: ಅಮೆರಿಕಕ್ಕೆ ಪೂರ್ತಿ ನಿಷ್ಠೆಯ ಪ್ರಮಾಣ ಮಾಡಿ, ಜಪಾನಿನ ಚಕ್ರವರ್ತಿಗೆ ಇರುವ ನಿಷ್ಠೆಯನ್ನು ತ್ಯಜಿಸುತ್ತೀಯಾ? ಹೌದು ಅಥವಾ ಇಲ್ಲ.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುತ್ತೇನೆ. 'ಪಕ್ಕದ ಮನೆಯ ಅಂಗಳದಿಂದ ಅಡಿಕೆ ಕದಿಯುವುದನ್ನು ಇನ್ನಾದರೂ ಬಿಡುತ್ತೀಯಾ?' ಅಂತ ಊರವರ ಮುಂದೆ ಕೇಳಿದರೆ ಏನು ಹೇಳುತ್ತೀರಿ? ಬಿಡುತ್ತೇನೆ ಎಂದರೆ ಈ ತನಕ ಕದಿಯುತ್ತಿದ್ದೆ ಅಂತಾಯಿತು. ಇಲ್ಲ ಎಂದರೆ ಇನ್ನೂ ಕದಿಯುತ್ತೇನೆ ಅಂತಾಯಿತು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, ಜಪಾನನ್ನು ಭೂಪಟದಲ್ಲಿ ಮಾತ್ರ ನೋಡಿದ ಹುಡುಗ ಚಕ್ರವರ್ತಿಯ ನಿಷ್ಠೆಯನ್ನು ತ್ಯಜಿಸುವುದು ಹೇಗೆ? ಇದ್ದರೆ ತಾನೆ ಬಿಡುವುದು.

ಅವನ ಅಪ್ಪನಿಗೆ ಬೇರೆಯೇ ಕಷ್ಟ. ಈಗ ಮೂಲೆಯಲ್ಲಿ ಹಾಕಿದ ಗುರುತು ನೋಡಿ. ಇಸ್ಸೆಗೆ ಅಮೆರಿಕ ಪೌರತ್ವ ಕೊಡುವುದಿಲ್ಲ. ಅವನ ಹತ್ತಿರ ಇರುವುದು ಜಪಾನಿನದ್ದು ಮಾತ್ರ. ಅದನ್ನೂ ಬಿಡುತ್ತೇನೆ ಎಂದು ಬರೆದುಕೊಟ್ಟರೆ ಯಾವ ದೇಶಕ್ಕೂ ಸೇರದವನಾಗುತ್ತಾನೆ. ಆಮೇಲೆ ಇಸ್ಸೆಗಳಿಗೆ ಪ್ರಶ್ನೆ ಬದಲಾಯಿಸಿದರು, ಇಲ್ಲಿನ ಕಾನೂನು ಪಾಲಿಸುತ್ತೀಯಾ ಎಂದಷ್ಟೇ ಕೇಳಿದರು. ಆದರೆ ಅಷ್ಟರಲ್ಲಿ ಒಂದೇ ಬಿಡಾರದೊಳಗೆ ಅಪ್ಪ ಇಲ್ಲ, ಮಗ ಹೌದು, ಅಮ್ಮ ಎಲ್ಲರೂ ಒಟ್ಟಿಗೆ ಇರುವ ಹಾಗೆ ಏನಾದರೂ ಬರೆಯಿರಿ ಎನ್ನುವ ಜಗಳ ಶುರುವಾಗಿತ್ತು. ಎರಡಕ್ಕೂ ಇಲ್ಲ ಎಂದವರಿಗೆ 'ನೋ ನೋ ಹುಡುಗರು' ಎಂಬ ಹೆಸರೇ ಬಿತ್ತು. ಅವರನ್ನು ಟೂಲಿ ಲೇಕಿಗೆ ಸಾಗಿಸಿದರು.

ಹೌದು ಎಂದವರಲ್ಲಿ ಎಷ್ಟೋ ಮಂದಿ 442ನೇ ರೆಜಿಮೆಂಟಲ್ ಕಾಂಬ್ಯಾಟ್ ಟೀಮಿಗೆ ಸೇರಿದರು. ಹವಾಯಿಯ ನಿಸೆಗಳೂ ಕ್ಯಾಂಪುಗಳಿಂದ ಬಂದವರೂ ಇದ್ದ ಪ್ರತ್ಯೇಕ ದಳ ಅದು. 1944ರ ಅಕ್ಟೋಬರಿನಲ್ಲಿ ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ಜರ್ಮನ್ನರ ನಡುವೆ ಸಿಕ್ಕಿಬಿದ್ದ ಟೆಕ್ಸಾಸಿನ ದಳದ 211 ಮಂದಿಯನ್ನು ಇವರು ಬಿಡಿಸಿ ತಂದರು. ಉಳಿಸಿದವರ ಲೆಕ್ಕಕ್ಕಿಂತ ಇವರಲ್ಲಿ ಸತ್ತವರ, ಗಾಯಗೊಂಡವರ ಲೆಕ್ಕವೇ ಎಷ್ಟೋ ಜಾಸ್ತಿ. ಮುಂದೆ ಹವಾಯಿಯ ಸೆನೆಟರ್ ಆದ ಡೇನಿಯಲ್ ಇನೊಯೆ 1945ರ ಏಪ್ರಿಲಿನಲ್ಲಿ ಇಟಲಿಯಲ್ಲಿ ಬಲಗೈ ಕಳೆದುಕೊಂಡರು. ಊರಿಗೆ ಮರಳುವಾಗ, ಮೈಮೇಲೆ ಯೂನಿಫಾರಂ ಇರುವಾಗಲೇ, ಕ್ಯಾಲಿಫೋರ್ನಿಯಾದ ಒಂದು ಸೆಲೂನಿನಲ್ಲಿ ನಿಮ್ಮವರಿಗೆ ಇಲ್ಲಿ ಕೂದಲು ಕತ್ತರಿಸುವುದಿಲ್ಲ ಎಂದರು. ಸೆಲೂನಿನ ಮಾತು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾ?

ಇನ್ನೊಂದು ಗುಂಪು ಉಂಟು, ಗೈಡುಗಳಲ್ಲಿ ಇವರಿಗೆ ಎರಡು ಸಾಲೂ ಇರುವುದಿಲ್ಲ. 1944ರಲ್ಲಿ ಕ್ಯಾಂಪಿನ ಯುವಕರಿಗೂ ಕಡ್ಡಾಯ ಸೇನಾ ಸೇವೆ ಬಂತು. ಹಾರ್ಟ್ ಮೌಂಟನ್ನಿನಲ್ಲಿ ಕೆಲವರು ಹೇಳಿದರು: ನಾವು ನಿಷ್ಠರೇ, ಸೇನೆಗೂ ಬರುತ್ತೇವೆ, ಮೊದಲು ನಮ್ಮ ಅಪ್ಪ ಅಮ್ಮನನ್ನು ಬೇಲಿಯಿಂದ ಹೊರಗೆ ಬಿಡಿ. ಒಂದೇ ವಿಚಾರಣೆಯಲ್ಲಿ 63 ಮಂದಿಗೆ ಜೈಲಾಯಿತು. ಟೂಲಿ ಲೇಕಿನ ಹುಡುಗರ ಇಂಥದೇ ಕೇಸು ಬಂದಾಗ ಮಾತ್ರ ನ್ಯಾಯಾಧೀಶ ಲೂಯಿಸ್ ಗುಡ್‌ಮನ್ ಅದನ್ನು ಎತ್ತಿ ಹೊರಗೆ ಹಾಕಿದರು. ನಿಷ್ಠೆ ಇಲ್ಲ ಎಂದು ಕೂಡಿಹಾಕಿ, ಆಮೇಲೆ ಸೇನೆಗೆ ಬಾ ಇಲ್ಲದಿದ್ದರೆ ಜೈಲು ಎನ್ನುವುದು ಮನಸ್ಸಾಕ್ಷಿಗೆ ಒಪ್ಪುವುದಿಲ್ಲ ಎಂದರು. ಹಾರ್ಟ್ ಮೌಂಟನ್ನಿನವರಿಗೆ 1947ರ ಡಿಸೆಂಬರಿನಲ್ಲಿ ಟ್ರೂಮನ್ ಕ್ಷಮೆ ಕೊಟ್ಟರು.

ನನ್ನ ಗೆಳೆಯ ಇದನ್ನೆಲ್ಲ ಕೇಳಿ, 'ಎಂತ ಮಾರಾಯ, ಹಾಗಾದ್ರೆ ಸರಿ ಮಾಡಿದ್ದು ಯಾರು? ಸೇನೆಗೆ ಹೋದವರಾ, ಜೈಲಿಗೆ ಹೋದವರಾ?' ಎಂದು ಕೇಳಿದ. ಸೇನೆಗೆ ಹೋದವರನ್ನು ಹೊಗಳುವುದು ಸುಲಭ. ಆದರೆ ಅವರನ್ನೇ ಹೊಗಳಿದರೆ, ಹಕ್ಕು ಬೇಕಾದವರು ಮೊದಲು ರಕ್ತ ಸುರಿಸಿ ತೋರಿಸಬೇಕು ಎಂಬ ಫಾರಂನ ಲೆಕ್ಕವನ್ನು ನಾವೂ ಒಪ್ಪಿದ ಹಾಗಾಯಿತು. ಬಿಳಿಯರ ಮಕ್ಕಳಿಗೆ ಈ ಫಾರಂ ಯಾರೂ ಕೊಟ್ಟಿರಲಿಲ್ಲ, ಅಲ್ವಾ? ನನ್ನ ಪ್ರಕಾರ 442ರವರೂ, 63 ಮಂದಿಯೂ, ಬೇಲಿಯೊಳಗೆ ಸುಮ್ಮನೆ ಕೂತ ಎಂಡೊ ಅವರೂ ಒಂದೇ ಹೋರಾಟದವರು. ಗೆಳೆಯನಿಗೆ ಇದು ಜಾರಿಕೊಳ್ಳುವ ಉತ್ತರ ಅನ್ನಿಸಿತಂತೆ. ಇರಲಿ.

ಮೂರು ನಂಬರ್, ಎರಡು ವಿ

ಕಪ್ಪು ಅಮೆರಿಕನ್ನರ ಭಾಗ ನನಗೆ ಸುಲಭ ಆಯಿತು, ಅದಕ್ಕೇ ಚಿಕ್ಕದಾಗಿ. ಎ. ಫಿಲಿಪ್ ರಾಂಡೋಲ್ಫ್ ಕಾರ್ಮಿಕ ನಾಯಕರು. ಯುದ್ಧದ ಕಾರ್ಖಾನೆಗಳಲ್ಲಿ ಕಪ್ಪು ಜನರಿಗೆ ಕೆಲಸ ಕೊಡದಿದ್ದರೆ 1941ರ ಜುಲೈ 1ಕ್ಕೆ ವಾಷಿಂಗ್ಟನ್ನಿಗೆ ಮೆರವಣಿಗೆ ತರುತ್ತೇವೆ ಎಂದರು. ರೂಸ್‌ವೆಲ್ಟ್ ಜೂನ್ 25ಕ್ಕೆ 8802ನೇ ಆದೇಶ ಹೊರಡಿಸಿದರು: ರಕ್ಷಣಾ ಕೈಗಾರಿಕೆಯಲ್ಲಿ ಭೇದಭಾವ ಕೂಡದು. ಮೆರವಣಿಗೆ ನಿಂತಿತು. ಎಂಟು ತಿಂಗಳು ತುಂಬುವ ಮೊದಲು ಅದೇ ಕೈ 9066ಕ್ಕೂ ಸಹಿ ಹಾಕಿತು. ಯುದ್ಧ ಮುಗಿದ ಮೇಲೆ 1948ರ ಜುಲೈ 26ರಂದು ಟ್ರೂಮನ್ 9981ಕ್ಕೆ ಸಹಿ ಹಾಕಿದರು, ಸೇನೆಯಲ್ಲಿ ಎಲ್ಲರಿಗೂ ಸಮಾನ ಅವಕಾಶ. ಮೂರೂ ನಂಬರ್ ಕಲಸಿಹೋಗುತ್ತವೆ. ನಾನು ಕಾರ್ಖಾನೆ, ಕ್ಯಾಂಪು, ಸೇನೆ ಅಂತ ನೆನಪಿಟ್ಟಿದ್ದೇನೆ. ನಂಬರ್ ಏರುವ ಕ್ರಮದಲ್ಲೇ ವರ್ಷವೂ ಏರುತ್ತದೆ.

1942ರ ಜನವರಿಯಲ್ಲಿ ಜೇಮ್ಸ್ ಥಾಂಪ್ಸನ್ ಎಂಬ ಯುವಕ ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಗೆ ಕಾಗದ ಬರೆದ. ವಿಮಾನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದವನು. ಅರ್ಧ ಅಮೆರಿಕನ್ನನಾಗಿ ಬದುಕಲು ನಾನು ಪ್ರಾಣ ಕೊಡಬೇಕಾ ಎಂಬುದು ಅವನ ಪ್ರಶ್ನೆ. ಹೊರಗಿನ ಶತ್ರುವಿನ ಮೇಲೆ ಒಂದು ಜಯ, ಒಳಗಿನ ಭೇದದ ಮೇಲೆ ಇನ್ನೊಂದು ಜಯ, ಹಾಗಾಗಿ ಎರಡು ವಿಕ್ಟರಿ, 'ಡಬಲ್ ವಿ'. ರೆಡ್‌ಕ್ರಾಸ್ ರಕ್ತವನ್ನು ಕೂಡ ಬಣ್ಣ ನೋಡಿ ಬೇರೆ ಬೇರೆ ಇಡುತ್ತಿದ್ದ ಕಾಲ ಅದು.

ಬೆಳಗಾವಿಯ ಸಾಲು

ಸಿಲೆಬಸ್ಸಿನಲ್ಲಿ ಇಲ್ಲ, ಆದರೂ ಬರೆಯುತ್ತೇನೆ. ಅದೇ 1941ರ ಅಕ್ಟೋಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಶುರುವಾಯಿತು. ಬ್ರಿಟಿಷರ ಸೇನೆಯಲ್ಲಿ ದಲಿತ ಸಮುದಾಯದ ಮಹಾರರು ಮೊದಲಿನಿಂದ ಇದ್ದವರು, ಅಂಬೇಡ್ಕರ್ ಅವರ ತಂದೆ ರಾಮ್‌ಜಿ ಸಕ್ಪಾಲ್ ಸುಬೇದಾರ್ ಆಗಿದ್ದರು. 1890ರ ದಶಕದಲ್ಲಿ, ಕೆಲವು ಜಾತಿಗಳು ಮಾತ್ರ ಯೋಧ ಜಾತಿಗಳು ಎಂಬ ಸಿದ್ಧಾಂತ ತಂದು ಮಹಾರರ ಭರ್ತಿ ನಿಲ್ಲಿಸಿದರು. ಮೊದಲ ಮಹಾಯುದ್ಧದಲ್ಲಿ ಜನ ಸಾಲದಾದಾಗ 1917ರಲ್ಲಿ ಮತ್ತೆ ಕರೆದರು. 1921ರಲ್ಲಿ ಆ ದಳವನ್ನು ಮುಚ್ಚಿದರು. ಎರಡನೇ ಯುದ್ಧ ಬಂತು, ಅಂಬೇಡ್ಕರ್ ಒತ್ತಾಯಿಸಿದರು, ಮತ್ತೆ ಬಾಗಿಲು ತೆರೆಯಿತು. 1943ರಲ್ಲಿ ಕಟ್ಟಿದ ಚಮಾರ್ ರೆಜಿಮೆಂಟ್ 1946ರಲ್ಲಿ ಇಲ್ಲವಾಯಿತು. ಮಹಾರ್ ರೆಜಿಮೆಂಟ್ ಉಳಿಯಿತು. ಬೇಡ, ಬೇಕು, ಬೇಡ, ಬೇಕು. ನಿಸೆಗಳ ಕಥೆಯನ್ನು ಓದಿ ಇದಕ್ಕೆ ಬಂದಾಗ ನನಗೆ ಬೇರೆ ಟಿಪ್ಪಣಿ ಬೇಕಾಗಲಿಲ್ಲ.

ಕೊನೆಯ ಅನುಮಾನ

'ಎಂಡೊ ತೀರ್ಪು ಬಂದ ಮೇಲೆ ಎಲ್ಲ ಮನೆಗೆ ಹೋದ್ರಲ್ವಾ?' ಅದೇ ಗೆಳೆಯನ ಪ್ರಶ್ನೆ. ಇಲ್ಲ. ವಕೀಲ ಜೇಮ್ಸ್ ಪರ್ಸೆಲ್ ಅಷ್ಟು ಮಂದಿಯ ನಡುವೆ ಎಂಡೊ ಅವರನ್ನೇ ಆರಿಸಿದ್ದು ಯಾಕೆ ನೋಡಿ. ಆಕೆ ಕ್ರೈಸ್ತರು, ಜಪಾನಿಗೆ ಕಾಲಿಟ್ಟವರಲ್ಲ, ಅಣ್ಣನೋ ತಮ್ಮನೋ ಒಬ್ಬರು ಅಮೆರಿಕದ ಸೇನೆಯಲ್ಲಿದ್ದರು. ಯಾರೂ ಬೆರಳು ತೋರಿಸಲಾಗದವರು. ತೀರ್ಪು ಬಿಡಿಸಿದ್ದು ನಿಷ್ಠೆ ಉಳ್ಳವರನ್ನು. 28ನೇ ಪ್ರಶ್ನೆಗೆ ಸಿಟ್ಟಿನಲ್ಲೋ, ಹೆದರಿಯೋ, ಅಪ್ಪನ ಜೊತೆಗೆ ಇರಬೇಕೆಂದೋ ಇಲ್ಲ ಎಂದವರು ಆ ಪದದ ಹೊರಗೆ ಉಳಿದರು. ಟೂಲಿ ಲೇಕಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿ ಆ ಒತ್ತಡದಲ್ಲಿ ಅಮೆರಿಕದ ಪೌರತ್ವವನ್ನೇ ಬಿಟ್ಟುಕೊಟ್ಟರು, ವಕೀಲ ವೇಯ್ನ್ ಕಾಲಿನ್ಸ್ ಅದನ್ನು ಒಬ್ಬೊಬ್ಬರಿಗಾಗಿ ವಾಪಸ್ ಕೊಡಿಸುತ್ತಾ 1968ರ ತನಕ ಕೋರ್ಟಿಗೆ ಅಲೆದರು. ಟೂಲಿ ಲೇಕ್ ಮುಚ್ಚಿದ್ದು 1946ರ ಮಾರ್ಚಿನಲ್ಲಿ. ಜಪಾನ್ ಶರಣಾಗಿ ಆಗಲೇ ಏಳು ತಿಂಗಳು ಕಳೆದಿತ್ತು.